ವಾದಿಗೂ ಪ್ರತಿವಾದಿಗೂ ನನ್ನದೇ ಇಮೇಲ್

ಈ ಪಾಠಕ್ಕೆ ನಾನು ತೆತ್ತ ಬೆಲೆ ಒಬ್ಬ ವಕೀಲರು ಮತ್ತು ಒಂದು ಬೇವಿನ ಮರದ ನೆರಳು. ವಕೀಲರು ಹೋದದ್ದು ನಾನು ಒಂದು ಇಮೇಲ್ ವಿಳಾಸವನ್ನು ಎರಡು ಕಡೆ ಬರೆದಿದ್ದರಿಂದ. ನೆರಳು ಹೋದದ್ದು ಒಂದು ಫೋನ್ ನಂಬರಿಗೆ ಬದಲಾಗಿ. ಎರಡೂ ಹೋಗಿ ಸೇರಿದ್ದು ಒಂದೇ ಕಡೆ, ರಸ್ತೆಯ ಆಚೆ ಬದಿಯ ಅಂಗಡಿಗೆ. ಅದೇ ನನ್ನ ಹೊಟ್ಟೆಯಲ್ಲಿ ಇವತ್ತಿಗೂ ಉರಿಯುವುದು.

ಹಗರಿಬೊಮ್ಮನಹಳ್ಳಿಯ ಕೋರ್ಟಿನ ಹತ್ತಿರ ನನ್ನದೊಂದು ಟೈಪಿಂಗ್, ಜೆರಾಕ್ಸ್ ಅಂಗಡಿ. ಕೋರ್ಟಿನ ಕಾಗದ ಕಂಪ್ಯೂಟರಿನಲ್ಲೇ ಸಲ್ಲಿಸಬೇಕು ಎಂದಾದಾಗ, ಅದರ ಪೋರ್ಟಲ್ಲನ್ನು ಯಾರೂ ಹೇಳಿಕೊಡದೆ ಕಲಿತವನು ನಾನು. ವಕೀಲರು ಪಾಸ್‌ವರ್ಡ್ ಮರೆತರೆ ನನ್ನನ್ನು ಕೇಳುತ್ತಿದ್ದರು. ಅಂಗಡಿಯ ಮುಂದೆ ಬೇವಿನ ಮರ, ಮರದ ಬುಡಕ್ಕೆ ಕಲ್ಲು ಚಪ್ಪಡಿಯ ಕಟ್ಟೆ. ಸಸಿಯಾಗಿದ್ದಾಗ ಅದಕ್ಕೆ ಆಡು ಬಾಯಿ ಹಾಕದಂತೆ ಮುಳ್ಳು ಕಟ್ಟಿದವನು ನಾನೇ. ಬಿಸಿಲಿನಲ್ಲಿ ಬಂದ ಪಕ್ಷಗಾರ ಕಟ್ಟೆಯ ಮೇಲೆ ಕೂಡುತ್ತಾನೆ, ಕೂತವನು ಒಳಗೆ ಬರುತ್ತಾನೆ. ವ್ಯಾಪಾರ ಅಂದರೆ ಇಷ್ಟೇ.

ಹೋದ ವರ್ಷ ರಸ್ತೆಯ ಆ ಬದಿಯಲ್ಲಿ ಒಬ್ಬಾಕೆ ಇ-ಫೈಲಿಂಗ್ ಅಂಗಡಿ ತೆರೆದಳು. ಮೊದಲು ಕೊಟ್ಟೂರಿನ ಕಾಲೇಜೊಂದರ ಆಫೀಸಿನಲ್ಲಿ ಸಂಬಳಕ್ಕಿದ್ದವಳು. ಗಾಜಿನ ಬಾಗಿಲು, ಒಂದು ಕೂಲರ್, ಹಾಳೆಗಳನ್ನು ತಾನೇ ಎಳೆದುಕೊಂಡು ಎರಡೂ ಮಗ್ಗುಲು ಓದುವ ಸ್ಕ್ಯಾನರ್. ನನ್ನ ಕುರ್ಚಿಯಿಂದ ನೋಡಿದರೆ ಆಕೆಯ ಹೊಸ್ತಿಲ ಮುಂದೆ ಬಿಟ್ಟ ಚಪ್ಪಲಿಗಳು ನೇರ ಕಾಣುತ್ತಿದ್ದವು. ಯಾವ ಚಪ್ಪಲಿ ಯಾರದು ಎಂದು ನನಗೆ ಗೊತ್ತು. ಹತ್ತು ವರ್ಷ ಅವು ನನ್ನ ಹೊಸ್ತಿಲಲ್ಲಿದ್ದವು.

ಅದಕ್ಕಿಂತ ಉರಿಯುವ ಸಂಗತಿ ಇನ್ನೊಂದಿತ್ತು. ಆಕೆಯ ಅಂಗಡಿ ಪಶ್ಚಿಮಕ್ಕೆ ಮುಖ, ಮುಂದೆ ಹನಿ ನೆರಳಿಲ್ಲ. ಆಕೆಯ ಗಿರಾಕಿಗಳು ನನ್ನ ಬೇವಿನ ಕೆಳಗೆ ಕೂತು, ನನ್ನ ಮಡಿಕೆಯ ನೀರು ಕುಡಿದು, ಆಕೆ ಕೈ ಬೀಸಿದ ಕೂಡಲೇ ಎದ್ದು ರಸ್ತೆ ದಾಟುತ್ತಿದ್ದರು. ನಾನು ದಿನಾ ಕಟ್ಟೆಯ ಮೇಲೆ ಎರಡು ಕೊಡ ನೀರು ಸುರಿಯತೊಡಗಿದೆ. ಒದ್ದೆ ಕಲ್ಲಿನ ಮೇಲೆ ಯಾರು ಕೂಡುತ್ತಾರೆ? ಕೇಳಿದವರಿಗೆ, "ಧೂಳ ಭಾಳ ಆಗೈತ್ರಿ" ಎನ್ನುತ್ತಿದ್ದೆ.

ಗಿರಾಕಿಯನ್ನು ಹಿಡಿದಿಡಲು ನನ್ನ ಹತ್ತಿರ ಒಂದು ಉಪಾಯವಿತ್ತು. ಪೋರ್ಟಲ್ಲಿನಲ್ಲಿ ಪಕ್ಷಗಾರರ ಮೊಬೈಲು, ಇಮೇಲು ಎಂದು ಎರಡು ಖಾನೆಗಳಿವೆ. ನಮ್ಮ ಕಡೆ ಹಳ್ಳಿಯವರಿಗೆ ಇಮೇಲ್ ಇರುವುದಿಲ್ಲ. ಮೊಬೈಲ್ ಇದ್ದರೂ ಒಟಿಪಿ ಎಂದ ಕೂಡಲೇ ಬ್ಯಾಂಕಿನ ದುಡ್ಡು ಹೋಯಿತು ಎಂದು ಫೋನನ್ನು ಜೇಬಿನೊಳಗೆ ಇಳಿಸಿಬಿಡುತ್ತಾರೆ. ನಾನು ಎರಡಕ್ಕೂ ನನ್ನದನ್ನೇ ತುಂಬುತ್ತಿದ್ದೆ. ಇಮೇಲ್ ನನ್ನ ಮಗಳ ಹೆಸರಿನಲ್ಲಿ ಮಾಡಿದ್ದು. ಗಿರಾಕಿಗೆ ತಕರಾರಿಲ್ಲ, ನನಗೆ ಲಾಭ: ಮುಂದಿನ ತಾರೀಖು ಬೇಕೆಂದರೆ ನನ್ನ ಹತ್ತಿರವೇ ಬರಬೇಕು. ನಂಬರ್ ಯಾರದೋ ಗಿರಾಕಿ ಅವರದು.

ಎದುರಿನಾಕೆ ಹಾಗೆ ಮಾಡುತ್ತಿರಲಿಲ್ಲ. ಮನೆಯಲ್ಲಿ ಓದಿದವರು ಯಾರಿದ್ದಾರೆ ಎಂದು ಕೇಳಿ, ಅವರ ಫೋನು ತರಿಸಿ, ಅವರ ಹೆಸರಿನಲ್ಲೇ ಇಮೇಲ್ ಮಾಡಿಕೊಟ್ಟು, ಪಾಸ್‌ವರ್ಡನ್ನು ಚೀಟಿಯಲ್ಲಿ ಬರೆದು ಕೈಗಿಡುತ್ತಿದ್ದಳು. ಒಬ್ಬೊಬ್ಬರಿಗೆ ಅಷ್ಟು ಹೊತ್ತು ವೆಚ್ಚ ಮಾಡಿದರೆ ಬಾಡಿಗೆ ಹುಟ್ಟುತ್ತದೆಯೇ? "ಅಂಗಡಿ ಅಲ್ಲ, ಧರ್ಮಛತ್ರ ತೆಗದಾಳ" ಎಂದು ನಗುತ್ತಿದ್ದೆ. ಚಪ್ಪಲಿಗಳು ಮಾತ್ರ ಅಲ್ಲೇ ಹೆಚ್ಚುತ್ತಿದ್ದವು.

ಒಂದು ದಿನ ಹಂಪಸಾಗರದ ಒಬ್ಬ ಹೆಂಗಸು ಆಕೆಯ ಅಂಗಡಿಯಿಂದ ಹೊರಗೆ ಬಂದು ಬಿಸಿಲಿನಲ್ಲಿ ನಿಂತಳು. ಐವತ್ತರ ಮೇಲಿನ ವಯಸ್ಸು, ಸೀರೆಯ ಮಡಿಕೆಯಲ್ಲೆಲ್ಲ ಕೆಂಪು ಪುಡಿ. ಹತ್ತಿರ ಬಂದರೆ ಸೀನು ಬರುವಂಥ ಘಾಟು. ಖಾರ ಕುಟ್ಟುವ ಗಿರಣಿಯಾಕೆ ಎಂದು ಯಾರೂ ಹೇಳಬೇಕಿರಲಿಲ್ಲ. ನಾನು ಕರೆದೆ.

"ಬರ್ರಿ ಅಕ್ಕಾರ, ನೆಳ್ಳಿಗೆ ಬರ್ರಿ. ಯಾಕ, ಕೆಲಸ ಆಗ್ಲಿಲ್ಲೇನು?"

"ಸೊಸಿ ಫೋನ್ ಬೇಕಂತ್ರಿ ಯಪ್ಪಾ. ಆಕಿ ಹಡಗಲಿ ದವಾಖಾನ್ಯಾಗ ನರ್ಸ್ ಅದಾಳ. ಆಕಿ ನಂಬರ್ ಬರಕೊಂಡಾರ, ಕರಕೊಂಡು ಬರ್ರಿ ಅಂದ್ರು. ಆಕಿಗೆ ರಜಾ ಎಲ್ಲಿ ಸಿಗಬೇಕು?"

"ಇಷ್ಟಕ್ಕ ಸೊಸಿ ಯಾಕ್ರಿ? ಇಮೇಲ್ ನಾನ ಕೊಡ್ತೀನಿ. ಕೂಡ್ರಿ."

ಆಕೆಯ ಕಷ್ಟ ಇದು. ಗಿರಣಿಯ ಪಕ್ಕದಲ್ಲಿ ಒಬ್ಬ ನೌಕರದಾರರು ಹೊಸ ಮನೆ ಕಟ್ಟಿಸಿದ್ದರು. ಘಾಟಿಗೆ ಅವರ ಮಕ್ಕಳು ಕೆಮ್ಮುತ್ತಿದ್ದವು. ಕೋರ್ಟಿಗೆ ಹೋಗಿ ಗಿರಣಿ ನಿಲ್ಲಿಸುತ್ತೇನೆ ಎಂದಿದ್ದರು. ಮೆಣಸಿನಕಾಯಿ ಒಣಗಿ ಬರುವ ಕಾಲ. ಸುತ್ತಲ ಹಳ್ಳಿಯವರು ವರ್ಷದ ಖಾರ ಕುಟ್ಟಿಸುವುದು ಈ ಬೇಸಿಗೆಯಲ್ಲೇ. ಈಗ ತಡೆಯಾಜ್ಞೆ ಬಂದು ಗಿರಣಿ ನಿಂತರೆ ಆಮೇಲೆ ಗೆದ್ದೂ ಪ್ರಯೋಜನವಿಲ್ಲ. ಕುಟ್ಟಿಸುವವರು ಬೇರೆ ಗಿರಣಿ ಹಿಡಿದಿರುತ್ತಾರೆ. ಇದಕ್ಕೆ ಕಾನೂನಿನಲ್ಲಿ ಕೇವಿಯಟ್ ಎಂಬ ಅರ್ಜಿ ಇದೆ: ನನ್ನ ಮೇಲೆ ಯಾರಾದರೂ ತಡೆ ಕೇಳಿದರೆ ನನಗೆ ತಿಳಿಸದೆ ಆದೇಶ ಮಾಡಬೇಡಿ ಎಂದು ಮೊದಲೇ ಕೋರ್ಟಿಗೆ ಹೇಳಿಕೊಂಡು ಇಡುವುದು. ಮೂರು ತಿಂಗಳು ಅದಕ್ಕೆ ಜೀವ.

ವಕೀಲರ ಖರ್ಚೂ ಬೇಡ ಎಂದು ಆಕೆಯ ಹೆಸರಿನಲ್ಲೇ ನಾನು ಕೇವಿಯಟ್ ಮಾಡಿಸಿಕೊಟ್ಟೆ. ಪಕ್ಕದ ಮನೆಯವರಿಗೆ ಅದರ ಪ್ರತಿ ರಿಜಿಸ್ಟರ್ಡ್ ಅಂಚೆಯಲ್ಲಿ ಹೋಯಿತು. ತಿಳುವಳಿಕೆ ಕಳಿಸಬೇಕಾದ ಇಮೇಲ್ ಎಂಬಲ್ಲಿ ನನ್ನ ಮಗಳ ಹೆಸರಿನ ಇಮೇಲ್. ಮೊಬೈಲ್ ಎಂಬಲ್ಲಿ ನನ್ನ ನಂಬರ್. ಆ ಹೆಂಗಸು ಹೋಗುವಾಗ ಒಂದು ಪೊಟ್ಟಣ ಖಾರದ ಪುಡಿ ಇಟ್ಟು ಹೋದಳು. ನಾನು ಅದನ್ನು ಎದುರಿನಾಕೆಗೆ ಕಾಣುವ ಹಾಗೆ ಕಿಟಕಿಯಲ್ಲಿಟ್ಟೆ.

ಕೆಲವು ವಾರ ಕಳೆದವು. ಒಂದು ಮುಂಜಾನೆ ನನ್ನ ಹೊಸ್ತಿಲಲ್ಲಿ ಒಂದು ಜೊತೆ ಕರಿ ಬೂಟು ಕಂಡು ನನ್ನ ಜೀವ ಹಗುರಾಯಿತು. ಕೋರ್ಟಿನಲ್ಲಿ ಹೆಚ್ಚು ಕೇಸು ಹಿಡಿಯುವ ಹಿರಿಯ ವಕೀಲರು. ಎದುರಿನ ಅಂಗಡಿ ತೆರೆದ ತಿಂಗಳೊಳಗೆ ನನ್ನನ್ನು ಬಿಟ್ಟು ಹೋದವರಲ್ಲಿ ಮೊದಲಿಗರು. ಅವರನ್ನು ವಾಪಸ್ ಕರೆತರಲು ನಾನು ಎಷ್ಟು ಸಲ ಚಹಾ ಕಳಿಸಿದ್ದೆನೋ.

"ಏನಪಾ, ಪುರುಸೊತ್ತು ಐತೇನು?" ಎಂದರು. "ಹಂಪಸಾಗರದ್ದು ಒಂದು ತಡೆಯಾಜ್ಞೆ ದಾವಾ. ಎದುರಿನಾಕಿ ಒಲ್ಲೆ ಅಂತಾಳ. ಆ ಗಿರಣಿಯಾಕಿ ಮೊದಲ ನನ್ನತ್ರ ಬಂದು ಕುಂತು ಎಲ್ಲಾ ಹೇಳ್ಯಾಳ, ಈ ಕಡೀದು ನಾ ಹೆಂಗ ಮಾಡ್ಲಿ ಅಂತಾಳ. ಏನು ದೊಡ್ಡ ಜಡ್ಜ್ ಆಗ್ಯಾಳ!"

ಪಕ್ಕದ ಹೊಸ ಮನೆಯವರ ದಾವೆ! ಜಗಳದ ಎರಡೂ ಕಡೆ ನನ್ನ ಅಂಗಡಿಗೇ ಬಂದಿತ್ತು. ಇದರಲ್ಲಿ ತಪ್ಪೇನೂ ಇಲ್ಲ. ಟೈಪ್ ಮಾಡುವವನು ಪಂಚಾಯ್ತಿ ಮಾಡುವವನಲ್ಲ. ಜಗಳ ಅವರದು, ಹಾಳೆ ನನ್ನದು. ನಾನು ಬಾಗಿಲಿಗೆ ಹೋಗಿ, ಎದುರಿನಾಕೆಗೆ ಕೇಳುವಷ್ಟು ಗಟ್ಟಿಯಾಗಿ, "ಒಳಗ ಬರ್ರಿ ಸರ್, ನಿಮ್ಮ ಕುರ್ಚಿ ಹಂಗ ಇಟ್ಟೀನಿ" ಎಂದೆ.

ಒಟಿಪಿಗೆ ಹೆದರಿ ಆ ನೌಕರದಾರರೂ ತಮ್ಮ ನಂಬರ್ ಕೊಡಲಿಲ್ಲ. ಅಭ್ಯಾಸದಂತೆ ನನ್ನದೇ ತುಂಬಿದೆ.

ಆದರೆ ಸಲ್ಲಿಸಿದ್ದು ವಾಪಸ್ ಬಂತು. ಪರಿಶೀಲನೆಯಲ್ಲಿ ಆಕ್ಷೇಪ ಹಾಕಿದ್ದರು: ಪುಟಗಳು ಓರೆ, ವೈದ್ಯರ ಚೀಟಿಗಳು ಓದಲಾಗುತ್ತಿಲ್ಲ, ಕಡತ ಮಿತಿ ಮೀರಿ ದೊಡ್ಡದು, ದಸ್ತಾವೇಜುಗಳಿಗೆ ಬುಕ್‌ಮಾರ್ಕಿನ ಪುಟಗುರುತು ಇಲ್ಲ. ನಾನು ಫೋನಿನಲ್ಲಿ ಫೋಟೋ ಹೊಡೆದು ಜೋಡಿಸುತ್ತಿದ್ದೆ, ಅದು ಇಷ್ಟು ದಿನ ನಡೆಯುತ್ತಿತ್ತು. ವಕೀಲರು ಒಂದು ಮಾತು ಅಂದರು, ಬೈದಿದ್ದರೂ ಅಷ್ಟು ಚುಚ್ಚುತ್ತಿರಲಿಲ್ಲ.

"ಆಕಿ ಆಗಿದ್ರ ಒಂದ ಸಲಕ್ಕ ಮುಗಿಸ್ತಿದ್ಲು ನೋಡು."

ಹಲ್ಲು ಕಚ್ಚಿಕೊಂಡು ಕೂತೆ. ಮೂಲೆಯಲ್ಲಿ ಧೂಳು ತಿನ್ನುತ್ತಿದ್ದ ಹಳೆಯ ಸ್ಕ್ಯಾನರ್ ಇಳಿಸಿ, ಗಾಜು ಒರೆಸಿ, ಒಂದೊಂದೇ ಹಾಳೆ ನೇರ ಇಟ್ಟು ಮತ್ತೆ ತೆಗೆದೆ. ಬಣ್ಣ ಬೇಕಾದ ಫೋಟೋಗಳನ್ನು ಬಿಟ್ಟು ಉಳಿದದ್ದನ್ನೆಲ್ಲ ಕಪ್ಪು-ಬಿಳುಪು ಮಾಡಿದೆ, ಕಡತ ಹಗುರಾಯಿತು. ಪ್ರತಿ ದಸ್ತಾವೇಜಿಗೆ ಪುಟಗುರುತು ಹಾಕಿದೆ. ಹಾಳೆ ಬದಲಿಸುವಾಗೆಲ್ಲ ಕಣ್ಣು ಗಾಜಿನ ಬಾಗಿಲಿಗೆ ಹೋಗುತ್ತಿತ್ತು. ಅಲ್ಲಿ ಆಕೆಯ ಯಂತ್ರ ಹಾಳೆಗಳನ್ನು ತಾನೇ ನುಂಗುತ್ತಿತ್ತು. ಆಕೆ ಕೂತು ಮಂಡಕ್ಕಿ ತಿನ್ನುತ್ತಿದ್ದಳು.

ಈ ಸಲ ದಾವೆ ಅಂಗೀಕಾರವಾಯಿತು. ತುರ್ತು ಎಂದು ಮರುದಿನ ಬೆಳಿಗ್ಗೆಗೇ ವಿಚಾರಣೆ ಇಟ್ಟರು. ಕೋರ್ಟಿನ ಎಸ್ಸೆಮ್ಮೆಸ್ಸು ನನ್ನ ಫೋನಿಗೆ ಟಿಣ್ ಎಂದು ಬಂತು. ಹಿಂದೆಯೇ ಇನ್ನೊಂದು ಟಿಣ್. ಎರಡನೆಯದು ಯಾಕೆ ಬಂತು ಎಂದು ನಾನು ಯೋಚಿಸಲಿಲ್ಲ.

ಸಂಜೆ ವಕೀಲರು ತಮ್ಮ ಆಫೀಸಿನಿಂದ ಫೋನ್ ಮಾಡಿದರು.

"ಕೇವಿಯಟ್ ಐತಪಾ. ಆಕಿಗೆ ಕಾಪಿ ಕಳಿಸದಿದ್ರ ನಾಳೆ ಸಾಹೇಬ್ರು ಕೇಳಂಗಿಲ್ಲ. ಆಕಿ ಇಮೇಲ್ ಕೊಟ್ಟಾಳ, ನಾ ಓದ್ತೀನಿ, ನಿನ್ನಿಂದನ ಕಳಿಸಿಬಿಡು. ಬರಕೋ."

ಅವರು ಒಂದೊಂದೇ ಅಕ್ಷರ ಓದಿದರು. ನಾನು ಮೂರು ಅಕ್ಷರ ಒತ್ತುವಷ್ಟರಲ್ಲಿ ಕಂಪ್ಯೂಟರು ಉಳಿದದ್ದನ್ನು ತಾನೇ ತುಂಬಿತು. ನನ್ನ ಮಗಳ ಹೆಸರು. ಕೈ ಅಭ್ಯಾಸದಲ್ಲಿ ಕಳಿಸು ಎಂಬುದನ್ನು ಒತ್ತಿಬಿಟ್ಟಿತು. ಮರುಕ್ಷಣ ಅದೇ ಪರದೆಯ ಮೇಲೆ ಹೊಸ ಪತ್ರ ಬಂತು. ದಾವೆಯ ಪ್ರತಿ, ಅರ್ಜಿಯ ಪ್ರತಿ, ಕೆಮ್ಮುವ ಮಕ್ಕಳ ಚೀಟಿಗಳು, ಎಲ್ಲ ನನಗೇ. ಕಳಿಸಿದವನೂ ನಾನು, ತಲುಪಿಸಿಕೊಂಡವನೂ ನಾನು.

"ಹೋತೇನು?"

"ಹೋತು ಸರ್. ಆದ್ರ ಅದು ನನ್ನ ಇಮೇಲ್ ಸರ್. ಆಯಮ್ಮಗ ಮುಟ್ಟಿಲ್ಲ."

"ನಿಂದರ ಇರ್ಲಿ, ನಿಮ್ಮಜ್ಜಂದರ ಇರ್ಲಿ, ಆಕಿ ಕೊಟ್ಟ ವಿಳಾಸ ಅದು. ಆಕಿ ಹೊಣಿ. ಕಳಿಸಿದ್ದರ ಪ್ರಿಂಟ್ ತಗದು ಇಡು, ಮುಂಜಾನಿ ಒಯ್ತೀನಿ" ಎಂದರು. ಅವರು ಹೇಳಿದ್ದು ಕಾಗದದ ಮಟ್ಟಿಗೆ ಸರಿಯೇ. ಅವರ ಪಕ್ಷಗಾರರ ಮಕ್ಕಳು ಕೆಮ್ಮುತ್ತಿದ್ದದ್ದೂ ಸುಳ್ಳಲ್ಲ.

ಪ್ರಿಂಟ್ ತೆಗೆದೆ. ಅದನ್ನು ಕೈಯಲ್ಲಿ ಹಿಡಿದು ಲೆಕ್ಕ ಹಾಕಿದೆ. ಬೆಳಿಗ್ಗೆ ಗಿರಣಿಯಾಕೆಯನ್ನು ಕೂಗುತ್ತಾರೆ, ಆಕೆ ಇರುವುದಿಲ್ಲ. ತಲುಪಿದ್ದಕ್ಕೆ ನನ್ನ ಪ್ರಿಂಟೇ ಸಾಕ್ಷಿ. ಆಕೆ ಕೇವಿಯಟ್ ಹಾಕಿಸಿದ್ದು ಯಾವುದು ಆಗಬಾರದೆಂದೋ ಅದೇ ಆಗುತ್ತದೆ. ಬೇಸಿಗೆ ಪೂರ್ತಿ ಗಿರಣಿಗೆ ಬೀಗ. ನಾನು ಸುಮ್ಮನಿದ್ದರೆ ಕರಿ ಬೂಟು ನನ್ನ ಹೊಸ್ತಿಲಲ್ಲೇ ಉಳಿಯುತ್ತದೆ. ಇನ್ನೊಂದು ಲೆಕ್ಕವೂ ಇತ್ತು. ಇವನ ಹತ್ತಿರ ಕಾಗದ ಹಾಕಿಸಿದರೆ ಆದೇಶ ಬಂದಮೇಲೇ ಸುದ್ದಿ ತಿಳಿಯುತ್ತದೆ ಎಂಬ ಮಾತು ಹಂಪಸಾಗರದ ಒಂದು ಗಿರಣಿಯಲ್ಲಿ ಹುಟ್ಟಿದರೆ, ಖಾರ ಕುಟ್ಟಿಸಲು ಬರುವ ಅಷ್ಟೂ ಹಳ್ಳಿಗೆ ಪುಡಿಯ ಜೊತೆಗೇ ಹೋಗುತ್ತದೆ. ಅದೂ ಅಲ್ಲದೆ, ಆಕೆ ಕೊಟ್ಟ ಖಾರವನ್ನು ನಾವು ಇನ್ನೂ ಉಣ್ಣುತ್ತಿದ್ದೆವು.

ಆಕೆಗೆ ತಿಳಿಸಬೇಕು ಎಂದು ತೀರ್ಮಾನಿಸಿ ನಂಬರ್ ಹುಡುಕಿದೆ. ಕೇವಿಯಟ್ಟಿನಲ್ಲಿ ಇದ್ದದ್ದು ನನ್ನ ನಂಬರ್. ಪೋರ್ಟಲ್ಲಿನಲ್ಲಿ ಇದ್ದದ್ದು ನನ್ನ ನಂಬರ್. ಆಕೆಯ ಗಿರಣಿಗೆ ಬೋರ್ಡು ಕೂಡ ಇಲ್ಲ, ಘಾಟೇ ಬೋರ್ಡು. ಗಾಡಿ ಹತ್ತಿ ಹಂಪಸಾಗರಕ್ಕೆ ಹೋಗಬಹುದಿತ್ತು. ಆದರೆ ಗಿರಣಿಯ ಬಾಗಿಲು ದಾವೆ ಹಾಕಿದವರ ಕಿಟಕಿಗೆ ನೇರ. ಅವರಿಗೆ ನನ್ನ ಮುಖ ಗೊತ್ತು. ಅವರ ಕಾಗದ ಮಾಡಿಸಿದ ನಾನು ಸಂಜೆ ಅಲ್ಲಿ ಕಂಡರೆ ಬೇರೆಯೇ ಕಥೆಯಾಗುತ್ತದೆ. ಗಿರಣಿಯಾಕೆಯ ಮನೆಯ ಒಂದು ನಂಬರ್ ಇದ್ದದ್ದು ಊರಿನಲ್ಲಿ ಒಬ್ಬರ ಹತ್ತಿರ ಮಾತ್ರ.

ಆ ರಸ್ತೆ ಎಷ್ಟು ಅಗಲ? ಎರಡು ಎತ್ತಿನ ಗಾಡಿ ಪಕ್ಕಪಕ್ಕ ಹೋಗುವಷ್ಟು. ಒಂದು ವರ್ಷದಲ್ಲಿ ನಾನು ಒಮ್ಮೆಯೂ ದಾಟಿರಲಿಲ್ಲ.

ಗಾಜಿನ ಬಾಗಿಲು ತಳ್ಳಿದೆ. ಒಳಗೆ ತಂಪು. ಅದಕ್ಕೂ ಹೊಟ್ಟೆ ಉರಿಯಿತು.

"ಬರ್ರಿ ಅಣ್ಣಾರ," ಎಂದಳು ಆಕೆ, ಎದ್ದು ಕುರ್ಚಿ ಎಳೆದು. "ದಾರಿ ತಪ್ಪಿ ಬಂದ್ರೇನು?"

"ಇಲ್ಲ ತಂಗಿ. ಒಂದು ನಂಬರ್ ಬೇಕಿತ್ತು. ಹಂಪಸಾಗರದ ಗಿರಣಿಯಾಕಿ ಸೊಸೀದು."

"ಯಾಕ? ಆಯಮ್ಮ ನಿಮ್ಮ ಗಿರಾಕಿ ಅಲ್ಲನ? ಖಾರದ ಪೊಟ್ಣ ಕಿಟಕ್ಯಾಗ ಇಟ್ಟಿದ್ರಲ್ಲ, ನೋಡೀನಿ ನಾನು."

ಸುತ್ತಿ ಬಳಸಿ ಹೇಳಿದರೆ ಆಕೆ ಬಿಡುವವಳಲ್ಲ ಎಂದು ತಿಳಿಯಿತು. ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಆಕೆ ನಗಲಿಲ್ಲ. ನಕ್ಕಿದ್ದರೆ ನನಗೆ ಸುಲಭವಾಗುತ್ತಿತ್ತು. ಮೇಜಿನ ಡ್ರಾಯರಿನಿಂದ ಚೀಟಿ ತೆಗೆದು ಅಂಗೈಯಲ್ಲಿ ಮುಚ್ಚಿಟ್ಟುಕೊಂಡಳು.

"ಕೊಡ್ತೀನಿ. ಆದ್ರ ನಂದೂ ಒಂದು ಐತಿ. ನಿಮ್ಮ ಕಟ್ಟಿಗೆ ದಿನಾ ನೀರು ಹಾಕ್ತೀರಲ್ಲ, ಅದನ್ನ ಬಿಡ್ರಿ. ನಾ ಅಲ್ಲಿ ಒಂದು ಬೆಂಚು ಹಾಕಸ್ತೀನಿ. ನನ್ನ ಮಂದಿ ಕುಂತ್ರ ಎಬ್ಬಿಸಬಾರದು."

"ನನ್ನ ಗಿಡದ ಬುಡಕ ನಿನ್ನ ಬೆಂಚಾ?"

"ಗಿಡ ನಿಮ್ದು ಅಣ್ಣಾರ. ನೆಳ್ಳು ದೇವರದು."

"ದೇವರು ಬಂದು ಮುಳ್ಳು ಕಟ್ಟಿದ್ನೇನು? ಬೇಕಾರ ಅರ್ಧ ಬೆಂಚು ಹಾಕು."

"ಅರ್ಧ ಬೆಂಚಿಗೆ ಎರಡ ಕಾಲು, ನಿಲ್ಲಂಗಿಲ್ಲರಿ."

ಇಂಥ ಹೊತ್ತಿನಲ್ಲೂ ಚೌಕಾಸಿ ಬಿಟ್ಟರೆ ನಾನು ನಾನಲ್ಲ. ಹೇಳಿದೆ, "ಆತು. ಬೆಂಚು ನಿಂದು. ಅದರ ಬೆನ್ನಿನ ಮ್ಯಾಲೆ ಹೆಸರು ನನ್ನ ಅಂಗಡೀದು."

ಆಕೆ ನನ್ನನ್ನು ನೋಡಿದಳು. ಆಗ ನಕ್ಕಳು. "ಭಾಳ ಶಾಣ್ಯಾರದೀರಿ. ಬರಸ್ರಿ. ಬಣ್ಣದ ಖರ್ಚು ನಿಮ್ದು" ಎಂದು, ಚೀಟಿ ಕೊಡುವ ಬದಲು ತಾನೇ ಫೋನ್ ಹಚ್ಚಿದಳು. "ನಾಳೆ ಮುಂಜಾನಿ ನಿಮ್ಮತ್ತಿ ಕೇಸು ಕೂಗ್ತಾರಮ್ಮ. ವಕೀಲರನ್ನ ಹಿಡಕೊಂಡು ಬರ್ರಿ. ಲಿಸ್ಟು ಎಲ್ಲರಿಗೂ ಕಾಣಂಗ ಹಾಕ್ಯಾರ, ಬೇಕಾರ ನಿಮ್ಮ ಫೋನ್ನ್ಯಾಗ ನೀವ ನೋಡ್ರಿ."

ಮರುದಿನ ಬೆಳಿಗ್ಗೆ ಗಿರಣಿಯಾಕೆ, ಆಸ್ಪತ್ರೆಯ ಡ್ಯೂಟಿ ಬದಲಾಯಿಸಿಕೊಂಡು ಬಂದ ಸೊಸೆ, ಅವರು ಹಿಡಿದ ಒಬ್ಬ ವಕೀಲರು, ಮೂವರೂ ಕೋರ್ಟ್ ಹಾಲಿನಲ್ಲಿದ್ದರು. ನಾನು ಬಾಗಿಲ ಹತ್ತಿರ ನಿಂತಿದ್ದೆ. ಹಿರಿಯ ವಕೀಲರು ನನ್ನ ಪ್ರಿಂಟ್ ಮುಂದಿಟ್ಟರು. ನ್ಯಾಯಾಧೀಶರು ಅದನ್ನೂ ಕೇವಿಯಟ್ಟನ್ನೂ ಪಕ್ಕಪಕ್ಕ ಇಟ್ಟು ನೋಡಿ, ಗಿರಣಿಯಾಕೆಯನ್ನು ಕೇಳಿದರು, "ನಿಮಗೆ ಪ್ರತಿ ತಲುಪಿತೇನಮ್ಮ?"

"ಕಾಗದ ಬಂದಿಲ್ರಿ ಸ್ವಾಮಿ. ಫೋನ್ ಬಂದಿತ್ತು."

"ಈ ಇಮೇಲ್ ನಿಮ್ಮದಲ್ಲವೇ? ಇಲ್ಲಿ ವಾದಿಯದ್ದೂ ಇದೇ ಇದೆ, ನಿಮ್ಮದೂ ಇದೇ ಇದೆ. ಕಳಿಸಿದ್ದೂ ಇದರಿಂದಲೇ."

ಹಾಲಿನಲ್ಲಿ ಸಣ್ಣ ನಗೆ ಎದ್ದಿತು. ಹಿರಿಯ ವಕೀಲರು ತಿರುಗಿ ಬಾಗಿಲ ಕಡೆ ನೋಡಿದರು. ಆ ನೋಟದಲ್ಲೇ ನಾನು ಅವರನ್ನು ಕಳೆದುಕೊಂಡೆ ಎಂದು ಗೊತ್ತಾಯಿತು. ಪ್ರತಿಯನ್ನು ಅಲ್ಲೇ ಕೈಗೆ ಕೊಡಿಸಿ, ಎರಡೂ ಕಡೆಯವರು ತಮ್ಮ ತಮ್ಮ ವಿಳಾಸ ಸರಿಪಡಿಸಿ ಸಲ್ಲಿಸಬೇಕೆಂದು ಹೇಳಿ, ಆಕ್ಷೇಪಣೆಗೆ ದಿನ ಕೊಟ್ಟರು. ಅಂದು ತಡೆಯಾಜ್ಞೆ ಆಗಲಿಲ್ಲ. ಗಿರಣಿ ನಡೆಯಿತು. ಮುಂದಿನ ತಾರೀಖಿಗೆ ಎರಡೂ ಕಡೆಯವರು ರಾಜಿಗೆ ಬಂದರು: ಕಿಟಕಿಯ ಬದಿಗೆ ತಗಡು ಕಟ್ಟಿ ಘಾಟು ಹೋಗುವ ಕೊಳವೆ ಎತ್ತರಿಸಬೇಕು, ಮಕ್ಕಳು ಮನೆಯಲ್ಲಿಲ್ಲದ ಹೊತ್ತಿನಲ್ಲಿ ಮಾತ್ರ ಖಾರ ಕುಟ್ಟಬೇಕು. ಮೊದಲೇ ನನ್ನನ್ನು ಕೇಳಿದ್ದರೆ ಕಟ್ಟೆಯ ಮೇಲೆ ಕೂರಿಸಿ ಇದನ್ನೇ ಮುಗಿಸಿಕೊಡುತ್ತಿದ್ದೆ.

ಕರಿ ಬೂಟು ಆ ಮೊದಲ ವಿಚಾರಣೆಯ ಮರುದಿನವೇ ರಸ್ತೆ ದಾಟಿತು. ಗಿರಣಿಯಾಕೆಯೂ ವಿಳಾಸ ಸರಿಪಡಿಸಲು ಸೊಸೆಯನ್ನು ಕರೆದುಕೊಂಡು ಅಲ್ಲಿಗೇ ಹೋದಳು. ಖಾರದ ಪೊಟ್ಟಣ ಈ ಸಲ ಗಾಜಿನ ಬಾಗಿಲೊಳಗೆ ಹೋಗುವುದನ್ನು ನನ್ನ ಕುರ್ಚಿಯಿಂದ ನೋಡಿದೆ. ನನಗೂ ಒಂದು ಕೊಟ್ಟಳು, ಸುಳ್ಳು ಹೇಳಬಾರದು. ಆದರೆ ಅದು ಚಿಕ್ಕದು.

ಈಗ ನಾನೂ ಗಿರಾಕಿಯ ಮನೆಯವರ ಫೋನು ತರಿಸುತ್ತೇನೆ, ಅವರ ಹೆಸರಿನಲ್ಲೇ ಇಮೇಲ್ ಮಾಡಿಕೊಡುತ್ತೇನೆ. ಆಕೆಯನ್ನು ನೋಡಿ ಕಲಿತೆ ಎಂದು ಯಾರಾದರೂ ಅಂದರೆ ಒಪ್ಪುವುದಿಲ್ಲ.

ಓದುವವರಿಗೆ ನನ್ನ ಮಾತು ಇಷ್ಟು. ಕೋರ್ಟಿನ ಕಾಗದ ಯಾರ ಹತ್ತಿರವಾದರೂ ಮಾಡಿಸಿ, ಸಲ್ಲಿಸುವ ಮೊದಲು ಮೊಬೈಲು, ಇಮೇಲು ಎಂಬ ಎರಡು ಸಾಲನ್ನು ಬೆರಳಿಟ್ಟು ಓದಿಸಿಕೊಳ್ಳಿ. ಅಲ್ಲಿರುವುದು ನಿಮ್ಮ ಮನೆಯದಲ್ಲದಿದ್ದರೆ ಸಹಿ ಹಾಕಬೇಡಿ. ಸ್ವಂತದ್ದಿಲ್ಲದಿದ್ದರೆ ಮಗಳದು, ಸೊಸೆಯದು ಕೊಡಿ. ಟೈಪ್ ಮಾಡುವವನದು ಬೇಡ, ಅವನು ಎಷ್ಟೇ ಒಳ್ಳೆಯವನಿರಲಿ. ಒಟಿಪಿಯನ್ನು ಫೋನಿನಲ್ಲಿ ಕೇಳುವ ಅಪರಿಚಿತನಿಗೆ ಹೇಳಬಾರದು ನಿಜ, ಆದರೆ ನಿಮ್ಮದೇ ಕಾಗದಕ್ಕೆ, ನಿಮ್ಮ ಕಣ್ಣೆದುರು, ನೀವೇ ಒತ್ತುವುದಕ್ಕೆ ಹೆದರಬೇಡಿ. ನಂಬರ್ ಬದಲಾದರೆ ಕೋರ್ಟಿಗೆ ಬರೆದು ಕೊಡಿ. ಕೇಸಿನ ಪಟ್ಟಿ ಎಲ್ಲರಿಗೂ ಕಾಣುತ್ತದೆ. ವಾರಕ್ಕೊಮ್ಮೆ ಮನೆಯ ಓದಿದವರಿಂದ ನಿಮ್ಮ ಹೆಸರು ಹುಡುಕಿಸಿ.

ಹಗರಿಬೊಮ್ಮನಹಳ್ಳಿಯ ಕೋರ್ಟಿಗೆ ಬಂದರೆ ಬೇವಿನ ಕೆಳಗೆ ಹಸಿರು ಬೆಂಚಿದೆ, ಕೂಡಿ, ಯಾರೂ ಎಬ್ಬಿಸುವುದಿಲ್ಲ. ಮಡಿಕೆಯ ನೀರು ತಂಪಾಗಿದೆ. ಒರಗುವ ಮೊದಲು ಬೆಂಚಿನ ಬೆನ್ನಿನ ಮೇಲೆ ಬರೆದ ಹೆಸರನ್ನು ಒಮ್ಮೆ ಓದಿ. ಆ ಅಂಗಡಿ ನಿಮ್ಮ ಹಿಂದೆಯೇ ಇದೆ. ಅಷ್ಟು ಬಿಸಿಲಿನಲ್ಲಿ ರಸ್ತೆ ದಾಟುವುದು ಆರೋಗ್ಯಕ್ಕೆ ಒಳ್ಳೆಯದಲ್ಲ.